ಸಾಯದ ಉಣ್ಣೆ

ಚಲುವಯ್ಯನ ಬಳಿ ಯಾವ ಸರ್ಟಿಫಿಕೇಟೂ ಇರಲಿಲ್ಲ. ಶೀಳನೆರೆ ಪಕ್ಕದ ಊರೊಂದರ ಹಾಲಿನ ಡೈರಿಯಲ್ಲಿ ದನಗಳ ಔಷಧಿ ಹಂಚುವ ಕೆಲಸವನ್ನು ಅವನು ನೋಡಿ ಕಲಿತಿದ್ದ. ೧೯೯೬ರ ಬೇಸಿಗೆಯಲ್ಲಿ ಸೀಮೆಹಸುಗಳು ಉಣ್ಣೆ ಜ್ವರಕ್ಕೆ ಸಾಯತೊಡಗಿದಾಗ ಊರಿನವರು ತಪ್ಪಿತಸ್ಥನಿಗಾಗಿ ದೂರ ಹುಡುಕಲಿಲ್ಲ. ಔಷಧಿ ಬಳಿದರೂ ಉಣ್ಣೆಗಳು ಹಸುವಿನ ಕಿವಿ, ಕೆಚ್ಚಲುಗಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಲೇ ಇದ್ದವು. ಚಲುವಯ್ಯ ಔಷಧಿಗೆ ನೀರು ಬೆರೆಸಿ ಹಂಚಿದ್ದಾನೆ ಎಂದು ಡೈರಿ ಅಧ್ಯಕ್ಷ ದೇವರಾಜು ತೀರ್ಮಾನಿಸಿದ.

“ತಪ್ಪಾಯ್ತು ಅಂತ ಬರ್ಕೊಡು ಕಣ್ಲಾ, ಕೆಲ್ಸ ಉಳೀತದೆ. ಇಲ್ಲಾಂದ್ರೆ ಸೋಮವಾರದಿಂದ ಬರ್ಬ್ಯಾಡ.”

ಚಲುವಯ್ಯ ಬರೆಯಲು ಕೂತಿದ್ದ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದ ಮಗಳು ರಂಜಿತ ರಜೆಗೆ ಬಂದವಳು ಕಾಗದ ಕಿತ್ತುಕೊಂಡಳು.

“ಮಾಡ್ದೆ ಇರೋ ತಪ್ಪು ಯಾಕಪ್ಪ ಬರೀತೀಯ?”

“ಕೆಲ್ಸ ಉಳೀಲಿ ಬುಡವ್ವ.”

ಅವಳು ಬಿಡಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ನಾಗಮಂಗಲದ ಕಡೆಯ ಸೋದರತ್ತೆ ದೊಡ್ಡತಾಯಮ್ಮನ ಮನೆಗೆ ಹೋದಳು. ದೊಡ್ಡತಾಯಮ್ಮ ತನ್ನ ನಾಟಿ ಹಸುಗಳಿಗೆ ಎಂದೂ ಔಷಧಿ ಮುಟ್ಟಿಸಿದವಳಲ್ಲ. ದಿನಾ ಬೆಳಗ್ಗೆ ಉಣ್ಣೆಗಳನ್ನು ಕೈಯಲ್ಲೇ ಕಿತ್ತು ಕೆಂಡಕ್ಕೆ ಹಾಕುತ್ತಿದ್ದಳು.

“ಓದಕ್ಕೆ ಕಳ್ಸುದ್ರೆ ಉಣ್ಣೆ ಆಯಕ್ಕೆ ಬಂದವ್ಳಲ್ಲಪ್ಪ,” ಎಂದು ನಕ್ಕು ಡಬ್ಬಿ ತುಂಬಿಸಿಕೊಟ್ಟಳು.

ಭಾನುವಾರ ಸಂಜೆ ಹಾಲು ಅಳೆಯುವ ಹೊತ್ತಿಗೆ ರಂಜಿತ ಡೈರಿಗೆ ಬಂದಳು. ಪಾಂಡವಪುರದಿಂದ ತಂದ ಹೊಸ ಔಷಧಿಯ ಸೀಲನ್ನು ದೇವರಾಜುವಿನ ಕೈಯಲ್ಲೇ ಒಡೆಸಿ, ಬಾಟಲಿಯ ಮೇಲೆ ಬರೆದಷ್ಟೇ ಅಳತೆಗೆ ಅವನಿಂದಲೇ ಕಲಸಿಸಿದಳು. ಅತ್ತೆಯ ಮನೆಯ ಇಪ್ಪತ್ತು ಉಣ್ಣೆ, ದೇವರಾಜುವಿನ ಕೊಟ್ಟಿಗೆಯ ಇಪ್ಪತ್ತು ಉಣ್ಣೆಗಳನ್ನು ಒಂದೇ ಔಷಧಿಯಲ್ಲಿ ಅದ್ದಿ, ಎರಡು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು. ರಾತ್ರಿ ಬಾಟಲಿಗಳನ್ನು ಡೈರಿಯೊಳಗೇ ಬಿಟ್ಟು ಬಾಗಿಲು ಹಾಕಿದರು; ಬೀಗದ ಕೈ ದೇವರಾಜುವಿನ ಬಳಿಯೇ ಇತ್ತು.

ಬೆಳಗ್ಗೆ ಅತ್ತೆಯ ಮನೆಯ ಇಪ್ಪತ್ತೂ ಸತ್ತಿದ್ದವು. ದೇವರಾಜುವಿನ ಕೊಟ್ಟಿಗೆಯವುಗಳಲ್ಲಿ ಹದಿನೇಳು ಗಾಜು ಹತ್ತುತ್ತಿದ್ದವು.

“ಔಷ್ದಿ ಕುಡ್ದು ಕುಡ್ದು ಮೈ ಗಟ್ಟಿ ಮಾಡ್ಕಂಡವೆ ಅನ್ನು,” ಎಂದ ಹಾಲು ಹಾಕಲು ಬಂದಿದ್ದ ಸೋಮಯ್ಯ.

“ಇಲ್ಲ ಕಣಣ್ಣ. ಸಾವ್ರದಲ್ಲಿ ಒಂದೆರಡು ಹುಟ್ಟುವಾಗ್ಲೇ ಬೇರೆ ಥರ ಇದ್ವು. ಮಿಕ್ಕವುನ್ನ ನಾವು ಕೊಂದ್ವಿ. ಉಳ್ದವು ಮೊಟ್ಟೆ ಇಟ್ವು. ಈಗ ಊರು ತುಂಬ ಅವುಗಳ ವಂಶಾನೇ.”

ಪುಟ್ಟಗೌರಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. “ನಾವೇ ಅರ್ಧ ಅಳ್ತೆ ಬಳೀತಿದ್ದು ಕಣವ್ವ. ಪೂರ್ತಿ ಬಳುದ್ರೆ ಆಲು ವಾಸ್ನೆ ಬತ್ತದೆ, ಡೈರೀಲಿ ವಾಪಸ್ ಕಳುಸ್ತಾರೆ ಅಂತ. ಎಲ್ಲಾರ್ ಮನೇಲೂ ಅಂಗೇಯ.”

“ಅರ್ಧ ಅಳತೆಗೆ ಸಾಯ್ದೆ ಉಳಿಯೋವೇ ಜಾಸ್ತಿ ಅಕ್ಕ,” ಎಂದಳು ರಂಜಿತ.

“ದೇವ್ರು ಮಾಡಿದ್ ಉಳ ಬದ್ಲಾಗ್ತದಾ?” ದೇವರಾಜು ರೇಗಿದ. “ನಾಳೆ ಮನ್ಸನೂ ಕೋತಿಯಿಂದ ಬಂದ ಅಂತೀಯ.”

“ಕೋತಿಗೂ ನಮಗೂ ಹಳೇ ಮುತ್ತಜ್ಜ ಒಬ್ಬನೇ ಗೌಡ್ರೇ. ಬೇಜಾರಾದ್ರೆ ಕೋತಿಗೂ ಆಗ್ಬೇಕು. ಈ ಉಣ್ಣೆ ಬದ್ಲಾಗಿರೋದಂತೂ ನಿಮ್ಮ ಕಣ್ಣ ಮುಂದೆ ಓಡಾಡ್ತಾ ಐತೆ. ಸುಳ್ಳು ಅನ್ನೋದಾದ್ರೆ ಇನ್ನೊಂದ್ಸಲ ನೀವೇ ಅದ್ದಿ.”

ದೇವರಾಜು ಅದ್ದಲಿಲ್ಲ. ಮೇಜಿನ ಮೇಲಿದ್ದ ಖಾಲಿ ಕಾಗದವೊಂದನ್ನು ಮಗಳ ಪಕ್ಕ ನಿಂತಿದ್ದ ಚಲುವಯ್ಯನ ಕಡೆ ತಳ್ಳಿದ. “ಉಣ್ಣೆ ಬದ್ಲಾಗ್ಲಿ, ಬುಡ್ಲಿ. ಸತ್ತ ಹಸಕ್ಕೆ ಯಾರಾದ್ರೂ ತಪ್ಪು ಒಪ್ಕಬೇಕಲ್ಲ. ಬರಿ.”

ಪುಟ್ಟಗೌರಮ್ಮ ಕ್ಯಾನು ಎತ್ತಿಕೊಂಡು ಹಾಲು ಅಳೆಯುವ ಕಡೆ ಹೋದಳು. ಚಲುವಯ್ಯ ಕಾಗದವನ್ನು ಮಡಿಸಿ ಉಣ್ಣೆಯ ಬಾಟಲಿಯ ಕೆಳಗಿಟ್ಟ.

“ಅವುಗಳ ಕೈಲೇ ಬರುಸ್ಕಳಿ ಗೌಡ್ರೇ,” ಎಂದು ಔಷಧಿ ಬೀರುವಿನ ಬೀಗದ ಕೈ ಎಸೆದು ಮಗಳ ಜೊತೆ ಹೊರಟ.

ಅದೇ ಔಷಧಿಯನ್ನು ಊರಿನವರು ಮಳೆಗಾಲದವರೆಗೂ ಬಳಿದರು. ಒಟ್ಟು ಹನ್ನೊಂದು ಹಸು, ನಾಲ್ಕು ಕರು, ಚಲುವಯ್ಯನ ಹತ್ತೊಂಬತ್ತು ವರ್ಷದ ಕೆಲಸ ಹೋದವು.