ಕೂದಲೆಳೆಯಷ್ಟು ಎತ್ತರ

"ಕೈ ಮಡಚ್ತಾನೇ ಇಲ್ಲ ಕಣೋ, ಭುಜ ಸ್ವಲ್ಪ ಎತ್ತು," ಎಂದಳು ನಿಮಿಯಾ.

ಅವಳ ತಮ್ಮ ಸಿರಿಲೊ ಹೆಣದ ಭುಜ ಎತ್ತಿ ಹಿಡಿದ. ಅವಳ ಗಂಡನ ಸೆಟೆದ ಕೈಯನ್ನು ಬಿಳಿ ಕೋಟಿನ ತೋಳಿಗೆ ತೂರಿಸುವಷ್ಟರಲ್ಲಿ ಇಬ್ಬರೂ ಬೆವತುಹೋದರು. ಕಪಿಯಾತಾ ಊರಲ್ಲಿ ಬೆಳಗಿನ ಎಂಟಕ್ಕೇ ತಗಡಿನ ಮಾಡು ಕಾದಿತ್ತು.

"ಮೂವತ್ತು ವರ್ಷ ಬಸ್ ಓಡಿಸಿದ ಭಾವನಿಗೆ ಡಾಕ್ಟರ ಕೋಟು! ಮೇಲೆ ಸಂತರೆಲ್ಲ ಬಾಯಿ ತೆರ್ಕೊಂಡು ಕ್ಯೂ ನಿಂತಿರ್ತಾರೆ ಬಿಡು."

"ಡಾಕ್ಟರದ್ದಲ್ಲ. ಹಲ್ಲು ಕಟ್ಟೋರದ್ದು."

ಅಂಗಳದಲ್ಲಿ ಬಸ್ಸಿನ ಹಳೆಯ ಸಂಗಾತಿಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಒಂದೇ ಸೋರೆಬುರುಡೆಯಿಂದ ಸರದಿಯಾಗಿ ತಣ್ಣನೆಯ ತೆರೆರೆ ಕಷಾಯ ಹೀರುತ್ತಿದ್ದರು. ಹಲ್ಲು ಕಟ್ಟುವ ತರಬೇತಿ ಶಾಲೆಯ ಟೀಚರ್ ಒಬ್ದೂಲಿಯಾ ಬಂದಾಗ ಎಲ್ಲರೂ ಎದ್ದು ನಿಂತರು.

"ನೀವೇ ಹೇಳಿ ಟೀಚರಮ್ಮ," ಎಂದ ಸಿರಿಲೊ, "ನಮ್ಮ ಹೆರ್ವಾಸಿಯೊ ಭಾವ ನಿಜವಾಗ್ಲೂ ಪಾಸಾಗಿದ್ರಾ?"

"ಅಷ್ಟು ಕಷ್ಟಪಟ್ಟೋರನ್ನ ನಾನು ನೋಡಿಲ್ಲ," ಎಂದು ಅವಳು ಶವಪೆಟ್ಟಿಗೆಯ ಕಡೆ ತಿರುಗಿಬಿಟ್ಟಳು.

*

ಬಸ್ ಕಂಪನಿ ಮನೆಗೆ ಕಳಿಸಿದಾಗ ಹೆರ್ವಾಸಿಯೊಗೆ ಐವತ್ತಮೂರು. ಹಲ್ಲು ಕಟ್ಟುವುದನ್ನು ಕಲಿಯಲು ಸೇರಿದ ತರಗತಿಯಲ್ಲಿ ಉಳಿದವರಿಗೆಲ್ಲ ಹದಿನೆಂಟು, ಹತ್ತೊಂಬತ್ತು. ಸ್ಟಿಯರಿಂಗ್ ಹಿಡಿದ ಆ ಬೆರಳುಗಳಲ್ಲಿ ಮೇಣದ ದವಡೆಹಲ್ಲು ಕಡಲೆಕಾಳಿನಂತೆ ಕಳೆದುಹೋಗುತ್ತಿತ್ತು. ಚಾಕುವನ್ನು ಉರಿಯಲ್ಲಿ ಕಾಯಿಸಿ, ನಾಲಿಗೆ ಕಚ್ಚಿಕೊಂಡು ಕೆತ್ತುತ್ತಿದ್ದ. ಒಂದು ಗೀರು ಆಳವಾದರೆ ಕರಗಿಸಿ ಮತ್ತೆ ಮೊದಲಿನಿಂದ.

ಅಂತಿಮ ಪರೀಕ್ಷೆಗೆ ಪೂರ್ತಿ ಹಲ್ಲಿನ ಸೆಟ್ಟು ಮಾಡಬೇಕು. ಎರಡು ಸಲ ಫೇಲಾದ. ಮೂರನೆಯದಕ್ಕೆ, ಅದೇ ಕೊನೆಯದು, ಹಲ್ಲೆಲ್ಲ ಉದುರಿದ ಹೆಂಡತಿಯ ಬಾಯಿಯ ಅಚ್ಚು ತಂದ. ಅದಕ್ಕೆ ಕಟ್ಟಿದ ಸೆಟ್ಟಿನಲ್ಲಿ ಮೇಲಿನ ಒಂದು ಕೋರೆಹಲ್ಲು ಸೊಟ್ಟಗಿತ್ತು.

"ಇದ್ಯಾಕೆ ಹೀಗೆ?"

"ಅವಳದ್ದು ಹಾಗೇ ಇತ್ತು, ಟೀಚರ್. ನಕ್ಕಾಗ ಚೆಂದ ಕಾಣೋದು."

ಅದಕ್ಕೆ ಟೀಚರ್ ಅಂಕ ಕಳೆಯಲಿಲ್ಲ. ಆದರೆ ಬಲಗಡೆ ಹಲ್ಲು ಕಚ್ಚುವ ಮಟ್ಟ ಕೂದಲೆಳೆಯಷ್ಟು ಎತ್ತರವಾಗಿತ್ತು. "ಇದೂ ಪಾಸಾಗಲ್ಲ. ಇದನ್ನ ಯಾರ ಬಾಯಿಗೂ ಹಾಕ್ಬೇಡಿ. ಹುಣ್ಣಾಗುತ್ತೆ," ಎಂದಳು. ಅವನು ತಲೆಯಾಡಿಸಿ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.

ಮರುದಿನ ಮತ್ತೆ ಬಂದ. "ಅಚ್ಚಿನ ಗಚ್ಚು ಕಲಸೋಕೆ, ಕಸ ಗುಡಿಸೋಕೆ ಇರ್ಲಾ?" ಎಂದು ಕೇಳಿದ. ನಾಲ್ಕು ವರ್ಷ, ದಿನವೂ, ಇಸ್ತ್ರಿ ಮಾಡಿದ ಕೋಟು ತೊಟ್ಟೇ ಬಂದ.

*

ಅಡುಗೆಮನೆಯಲ್ಲಿ ನಿಮಿಯಾ ಟೀಚರ್‌ಗೆ ಬಿಸಿ ಕಷಾಯ ಕೊಟ್ಟು, ಬುಟ್ಟಿಯಿಂದ ಚೀಪಾ ರೊಟ್ಟಿ ಮುರಿದಳು. ನಿನ್ನೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಂದು ಚೂರು ಬಾಯಿಗಿಟ್ಟುಕೊಂಡು ಎಡಗಡೆಯಲ್ಲೇ ನಿಧಾನವಾಗಿ ಜಗಿದಳು. ಸೊಟ್ಟ ಕೋರೆಹಲ್ಲು ಟೀಚರ್ ಕಣ್ಣಿಗೆ ಬಿತ್ತು.

"ಅದನ್ನ ಒಂದ್ಸಲ ತೆಗೀರಿ, ನಿಮಿಯಾ."

ನಿಮಿಯಾ ಬಾಗಿಲ ಕಡೆ ನೋಡಿ, ತಿರುಗಿ ನಿಂತು ತೆಗೆದಳು. ಬಲಗಡೆಯ ವಸಡು ಕೆಂಪಗೆ ಕಿತ್ತುಹೋಗಿತ್ತು.

"ಎಷ್ಟು ದಿನದಿಂದ?"

"ನಾಲ್ಕು ವರ್ಷ. 'ಪಾಸಾದ ಸೆಟ್ಟು' ಅಂತ ತಂದ್ಕೊಟ್ರು."

ಟೀಚರ್ ಏನೋ ಹೇಳಲು ಬಾಯಿ ತೆರೆದಳು.

"ನೀವೇನೂ ಹೇಳ್ಬೇಡಿ. ನಂಗೊತ್ತು," ಎಂದಳು ನಿಮಿಯಾ. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. "ಪಾಸಾದ ಗಂಡಸು ಹೆಂಡತಿ ಉಣ್ಣೋದನ್ನ ತುತ್ತುತುತ್ತಿಗೂ ನೋಡ್ತಾ ಕೂರ್ತಾನಾ?"

"ನೋವಾಗುತ್ತೆ ಅಂತ ಹೇಳಿದ್ರೆ ಅವರೇ ತಂದು ನಂಗೆ ತೋರಿಸ್ತಿದ್ರಲ್ಲಮ್ಮ."

"ಬಸ್ಸಿನ ಕೆಲಸ ಹೋದಾಗ ಆರು ತಿಂಗಳು ಗೋಡೆ ನೋಡ್ಕೊಂಡು ಮಲಗಿದ್ರು, ಟೀಚರ್. ಆಮೇಲೆ ಎದ್ದಿದ್ದು ಈ ಕೋಟು ಹಾಕ್ಕೊಳ್ಳೋಕೆ."

ಹೊರಗೆ ಯಾರೋ ಜಪ ಶುರುಮಾಡಿದರು. ಟೀಚರ್ ಕೈ ಚಾಚಿದಳು. "ಇಲ್ಲಿ ಕೊಡಿ. ಅರ್ಧ ಗಂಟೆ ಕೆಲಸ. ಉಜ್ಜಿ ತಂದ್ಕೊಡ್ತೀನಿ."

ನಿಮಿಯಾ ಸೆಟ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಅವರು ಮನೇಲಿರುವಾಗ ಬೇಡ," ಎಂದಳು. "ನಾಳೆ ಬರ್ತೀನಿ."

ಹೂಜಿಯ ನೀರಲ್ಲಿ ತೊಳೆದು ಬಾಯಿಗೆ ಹಾಕಿಕೊಂಡಳು. ಒಂದು ಕ್ಷಣ ಕಣ್ಣು ಮುಚ್ಚಿತು. ಮಿಕ್ಕ ಚೀಪಾ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ, ಪೆಟ್ಟಿಗೆಯ ತಲೆಯ ಬಳಿ, ಅವನ ಮುಖಕ್ಕೆ ಎದುರಾಗಿ ಕೂತಳು. ಸಿರಿಲೊ ಮುಚ್ಚಳ ಹಿಡಿದು ಕಾಯುತ್ತಿದ್ದ.

"ಅಕ್ಕ, ಹೊತ್ತಾಯ್ತು."

"ಇರೋ. ಒಂದು ತುತ್ತು ತಿಂತೀನಿ."

ಬಾಗಿಲಲ್ಲಿ ನಿಂತಿದ್ದ ಟೀಚರ್ ನೋಡಿದಳು: ಅವಳು ಬಲಗಡೆಯಲ್ಲೇ ಜಗಿಯುತ್ತಿದ್ದಳು.