ರೊಟ್ಟಿ ಶರಣವ್ವ ಗುಳಿಗೆ ಬಿಡಲಿಲ್ಲ

ನಮ್ಮ ಗಬ್ಬೂರಿನಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಡಾಕ್ಟರನ್ನು ಹುಡುಕುವ ತ್ರಾಸೇ ಇಲ್ಲ. ಕಟ್ಟೆಯ ಮೇಲೆ ಕೂತವರೆಲ್ಲ ಡಾಕ್ಟರೇ. ಒಬ್ಬರು ಅದನ್ನು ತಿನ್ನಬೇಡ ಅನ್ನುತ್ತಾರೆ, ಇನ್ನೊಬ್ಬರು ಇದನ್ನು ಕುಡಿ ಅನ್ನುತ್ತಾರೆ, ಮೂರನೆಯವರು ಮೊಬೈಲು ತೆಗೆದು ತೋರಿಸುತ್ತಾರೆ. ಈ ಕಟ್ಟೆ ಡಾಕ್ಟರರಲ್ಲಿ ನಾನೂ ಒಬ್ಬಳಾಗಿದ್ದೆ. ಅಕ್ಕಂದಿರೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಸರು ಭಾಗ್ಯಶ್ರೀ. ನಮ್ಮ ಅತ್ತೆ ಶರಣವ್ವ. ಬೈಪಾಸ್ ಕಡೆ ಬಂದು 'ರೊಟ್ಟಿ ಶರಣವ್ವ' ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮಾವ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರಿ, ಗಿರಾಕಿಗೆ ಊಟ ಹಾಕಿಯೇ ಮನೆ ನಿಲ್ಲಿಸಿದವರು. ಯಾರ ಮುಂದೂ ತಲೆ ತಗ್ಗಿಸಿದ ಹೆಣ್ಣಲ್ಲ.

ಅತ್ತೆಗೆ ಸಣ್ಣವರಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತಂತೆ. ಅದು ಗೊತ್ತಾಗಿದ್ದು ಅರವತ್ತರ ಹತ್ತಿರ ಬಂದಾಗ, ಎರಡು ಹೆಜ್ಜೆ ನಡೆದರೆ ಏದುಸಿರು ಬರತೊಡಗಿದಾಗ. ಎರಡು ವರ್ಷದ ಹಿಂದೆ ಆಪರೇಶನ್ ಮಾಡಿ ಲೋಹದ ಕವಾಟ ಹಾಕಿದರು. ಅಂದಿನಿಂದ ದಿನಾ ಸಂಜೆ ಏಳಕ್ಕೆ ಒಂದು ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕಾಯುವ ಗುಳಿಗೆ. ತಿಂಗಳಿಗೊಮ್ಮೆ ಐಎನ್ಆರ್ ಅಂತ ಒಂದು ರಕ್ತ ಪರೀಕ್ಷೆ. ಗುಳಿಗೆ ಕಡಿಮೆ ಆಗಿದೆಯೋ ಹೆಚ್ಚಾಗಿದೆಯೋ ಅಂತ ಅದರಲ್ಲಿ ತಿಳಿಯುತ್ತದೆ.

ಎಲ್ಲ ಛಲೋ ನಡೆದಿತ್ತು, ನಾನು ಬುದ್ಧಿವಂತಳಾಗುವ ತನಕ.

ಯಾರೋ ಬಂದವರು ಹೇಳಿದರು, ಈ ಗುಳಿಗೆ ತಿನ್ನುವವರು ಹಸಿರು ತಪ್ಪಲ, ಅಂದರೆ ಸೊಪ್ಪು, ಮುಟ್ಟಬಾರದು ಅಂತ. ನಾನು ಯಾರನ್ನೂ ಕೇಳಲಿಲ್ಲ. ಅಂದಿನಿಂದಲೇ ಅತ್ತೆಯ ತಾಟಿನಿಂದ ತಪ್ಪಲ ತೆಗೆದೆ. ನಮ್ಮ ಕಡೆಯ ಊಟ ನಿಮಗೆ ಗೊತ್ತೇ ಇದೆ. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಗ್ಗುಲಿಗೆ ಒಂದು ಹಿಡಿ ಹಸಿ ಮೆಂತ್ಯ ಇಲ್ಲವೇ ಹಕ್ಕರಕಿ. ಅತ್ತೆ ಹುಟ್ಟಿದಾಗಿನಿಂದ ಹಾಗೆ ಉಂಡವರು.

"ಏನವಾ ಭಾಗ್ಯಾ, ತಪ್ಪಲ ಎಲ್ಲಿ?" ಅಂದರು.

"ಬ್ಯಾಡ್ರಿ ಅತ್ತೀ. ನಿಮಗ ಅದು ವಿಷ."

"ವಿಷ? ಗಿರಾಕಿಗೆ ದಿನಾ ಬಡಸೂದು, ನನಗ ವಿಷ? ಎತ್ತಿನಂಗ ದುಡಿಯಾಕ ನಾ ಬೇಕು, ಹಸಿರು ತಿನ್ನಾಕ ಬ್ಯಾಡೇನು?"

"ನಾ ಇರೂತನಕ ಕೊಡೂದಿಲ್ರಿ."

ಬಡಿಸುವ ಕೈ ನನ್ನದು. ಹದಿನೈದು ದಿನ ನಾನೇ ಗೆದ್ದೆ. ಕಾವಲುಗಾರನ ಹಾಗೆ ಅವರ ತಾಟು ನೋಡುತ್ತ ಕೂತೆ. ಮದುವೆ ಸುಗ್ಗಿ ಬೇರೆ ನಡೆದಿತ್ತು. ಕಡಕ್ ರೊಟ್ಟಿಗೆ ಒಂದರ ಹಿಂದೊಂದು ಆರ್ಡರು. ಆ ತಿಂಗಳ ರಕ್ತ ಪರೀಕ್ಷೆಗೆ ಹೋಗಲು ಯಾರಿಗೂ ಪುರಸೊತ್ತಿರಲಿಲ್ಲ. "ಮುಂದಿನ ವಾರ ಹೋದರಾತು" ಅಂದೆವು. ಆ ಮುಂದಿನ ವಾರ ಬರಲೇ ಇಲ್ಲ.

ಒಂದು ಮುಂಜಾನೆ ಹತ್ತು ಗಂಟೆ ಇರಬೇಕು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಿಳಿ ಹಿಟ್ಟಿನ ಮೇಲೆ ಕೆಂಪು ಹನಿ ಬಿತ್ತು, ಅದರ ಹಿಂದೆ ಮತ್ತೊಂದು. ಮೂಗಿನಿಂದ ರಕ್ತ. ಕೂರಿಸಿ ಮೂಗು ಹಿಡಿದೆವು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು, ನಿಲ್ಲಲೇ ಇಲ್ಲ. ಸೆರಗು ತೊಯ್ದುಹೋಯಿತು. ತೋಳು ಹಿಡಿದು ಎಬ್ಬಿಸುವಾಗ ನೋಡಿದೆ, ರಟ್ಟೆಯ ತುಂಬ ನೀಲಿ ಕಲೆಗಳು. ನನ್ನ ಗಂಡ ಅಮರೇಶ ಆಟೋ ತಂದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಓಡಿದೆವು.

ಮೂಗಿಗೆ ಬತ್ತಿ ಇಟ್ಟು, ಔಷಧ ಕೊಟ್ಟು, ಡಾಕ್ಟರು ರಕ್ತ ನಿಲ್ಲಿಸಿದರು. ಮರುದಿನ ವಾರ್ಡಿನ ನರ್ಸು ಸುಮಲತಾ ಬಂದು ಮಂಚದ ಹತ್ತಿರ ಕೂತರು. ನಗುಮುಖ, ಆದರೆ ಪ್ರಶ್ನೆ ಮಾತ್ರ ಪೊಲೀಸರ ಹಾಗೆ.

"ಶರಣವ್ವಾರ, ನಿಮ್ಮ ಐಎನ್ಆರ್ ಎರಡೂವರಿಯಿಂದ ಮೂರೂವರಿ ನಡುವ ಇರಬೇಕಂತ ಡಾಕ್ಟರು ಬರದಾರ. ಏಳಕ್ಕ ಹೋಗೇತಿ. ಏನ್ ಮಾಡೀರಿ? ಖರೇ ಹೇಳ್ರಿ."

"ಗುಳಿಗಿ ಒಂದ ದಿನಾನೂ ತಪ್ಪಿಸಿಲ್ರಿ. ಹೆಚ್ಚೂ ತಗೊಂಡಿಲ್ಲ."

"ಊಟದಾಗ ಏನರ ಬದಲಿ ಮಾಡೀರೇನು?"

ನಾನು ಎದೆಯುಬ್ಬಿಸಿ ಹೇಳಿದೆ, "ಛಲೋ ಬದಲಿ ಮಾಡೇವ್ರಿ. ತಪ್ಪಲ ಪೂರ್ತಿ ಬಿಡಿಸೇನಿ."

ಸುಮಲತಾ ನನ್ನನ್ನೇ ನೋಡಿದರು. "ಯಾರು ಹೇಳಿದ್ರು ಬಿಡಸು ಅಂತ?"

"ಯಾರೋ ಮಂದಿ ಹೇಳಿದ್ರಿ," ಅಂದೆ.

"ನೋಡ್ರಿ ತಂಗಿ," ಅಂದರು. "ತಪ್ಪಲದಾಗ ರಕ್ತ ಹೆಪ್ಪುಗಟ್ಟಸೋ ಗುಣ ಐತಿ. ಈ ಗುಳಿಗಿ ಅದರ ವಿರುದ್ಧ ಕೆಲಸ ಮಾಡತೈತಿ. ಇವರು ದಿನಾ ಒಂದ ಹಿಡಿ ತಪ್ಪಲ ತಿಂತಿದ್ರು. ಅಷ್ಟು ತಿನ್ನೋ ಮೈಗೆ ಎಷ್ಟು ಗುಳಿಗಿ ಬೇಕೋ ಅಷ್ಟು ಡಾಕ್ಟರು ಬರದಾರ. ನೀವು ತಪ್ಪಲ ಒಮ್ಮಿಗೇ ಕಿತ್ತ ಒಗದ್ರಿ. ಅದ ಗುಳಿಗಿ ಈಗ ಅತೀ ಆತು. ತಪ್ಪಲ ತಿನ್ನಬಾರದಂತಿಲ್ಲ. ದಿನಾ ಸುಮಾರು ಒಂದ ಅಳತಿ ಇರಬೇಕು. ಇವತ್ತ ಪಾತೇಲಿ ತುಂಬ, ನಾಳೆ ಏನೂ ಇಲ್ಲ, ಹಂಗ ಮಾಡಬಾರದು."

ಅತ್ತೆ ಮೂಗಿನಲ್ಲಿ ಬತ್ತಿ ಇಟ್ಟುಕೊಂಡೇ ನನ್ನ ಕಡೆ ತಿರುಗಿದರು. "ಕೇಳಿದ್ಯಾ?"

"ನಿಮ್ಮದೂ ಬಾಕಿ ಐತ್ರಿ ಅವ್ವಾರ," ಅಂದರು ಸುಮಲತಾ. "ತಪ್ಪಲ ಒಂದರಿಂದ ಇಷ್ಟ ಆಗಿರಲಿಕ್ಕಿಲ್ಲ. ಬ್ಯಾರೆ ಗುಳಿಗಿ ಏನರ ತಗೊಂಡೀರಿ?"

ಅತ್ತೆ ಕಿಟಕಿ ನೋಡಿದರು.

"ರಟ್ಟಿ ಭಾಳ ನೋಯತಿತ್ರಿ. ದಿನಾ ಎರಡ ನೋವಿನ ಗುಳಿಗಿ ನುಂಗಿದೆ, ಹತ್ತ ದಿನ. ಓಣಿ ಮೂಲ್ಯಾಗಿನ ಅಂಗಡ್ಯಾಗ ಕೇಳಿ ತಗೊಂಡೆ."

"ಅತ್ತೀ! ನನಗ ಯಾಕ ಹೇಳಲಿಲ್ರಿ?"

"ನಿನಗ ಹೇಳಿದ್ರ ಅದನ್ನೂ ಕಸಗೋತಿದ್ದಿ!"

ಆ ಮಾತು ನನಗೆ ನಾಟಿತು. ನಾನು ಅತ್ತೆಯನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಕಾವಲಿಗೆ ಬೇಸತ್ತು ಅವರು ಮುಚ್ಚಿಟ್ಟರು. ಇಬ್ಬರೂ ಸೇರಿ ಒಂದು ಜೀವ ಕಳೆಯುತ್ತಿದ್ದೆವು.

"ನೋವಿನ ಗುಳಿಗಿ ಭಾಳಷ್ಟು ಈ ಗುಳಿಗಿ ಸಂಗಾಟ ಸೇರಿದ್ರ ರಕ್ತ ಸೋರಸತಾವ," ಅಂದರು ಸುಮಲತಾ. "ಹೊಟ್ಟ್ಯಾಗ ಸೋರಿದ್ರ ಹೊರಗ ಕಾಣೂದೂ ಇಲ್ಲ. ನೋವಾದ್ರ ನಮಗ ಹೇಳ್ರಿ. ನಡಿಯೋ ಗುಳಿಗಿ ಯಾವುದು, ಎಷ್ಟು ಅಂತ ಡಾಕ್ಟರು ಹೇಳತಾರ. ನಾಟಿ ಔಷಧ, ಕಷಾಯ, ಸೂಜಿ, ಹಲ್ಲು ಕೀಳಸೂದು, ಏನ ಇರಲಿ, 'ನಾ ರಕ್ತದ ಗುಳಿಗಿ ತಗೋತೇನಿ' ಅಂತ ಮೊದಲ ಹೇಳಬೇಕು."

ನಾಲ್ಕನೆಯ ದಿನ ಐಎನ್ಆರ್ ಇಳಿಯಿತು. ಇವತ್ತು ಸಂಜೆಯಿಂದ ಗುಳಿಗೆ ಮತ್ತೆ ಸುರು ಅಂತ ಹೊಸ ಪ್ರಮಾಣ ಬರೆದು ಮನೆಗೆ ಕಳಿಸಿದರು.

ಮನೆಯಲ್ಲಿ ರಾಜಶೇಖರ ಕಾಕಾ ಕಾಯುತ್ತ ಕೂತಿದ್ದರು. ಕಾಕಾ ಅಂದರೆ ಮಾವನವರ ತಮ್ಮ, ಶಿರಗುಪ್ಪಿಯವರು; ಅತ್ತಿಗೆಯಾದ ನಮ್ಮ ಅತ್ತೆಗೆ 'ವೈನಿ' ಅನ್ನುತ್ತಾರೆ. ಮನೆಯಲ್ಲಿ ಅವರ ಮಾತೇ ಕೊನೆಯ ಮಾತು, ಅಥವಾ ಅಲ್ಲಿಯವರೆಗೆ ಹಾಗಿತ್ತು. ನಾನು ಚೀಲದಿಂದ ಗುಳಿಗೆಯ ಸ್ಟ್ರಿಪ್ಪು ತೆಗೆದಿಟ್ಟೆ. ಕಾಕಾ ಅದನ್ನು ಎತ್ತಿ ತಮ್ಮ ಕಿಸೆಗೆ ಹಾಕಿಕೊಂಡರು.

"ಸಾಕು ಇದರ ಸಹವಾಸ. ಇದು ಏನಂತ ಗೊತ್ತೈತೇನು? ಇಲಿ ಪಾಷಾಣ! ಮೊಬೈಲದಾಗ ಬಂದೈತಿ. ಊಟ ಬಲ್ಲವನಿಗೆ ರೋಗ ಇಲ್ಲ ಅಂತ ಹಿರ್ಯಾರು ಸುಮ್ನ ಹೇಳಿಲ್ಲ. ವೈನಿ, ಇನ್ನ ಈ ಗುಳಿಗಿ ಬ್ಯಾಡ."

ಅಮರೇಶ ತಲೆ ಕೆರೆದುಕೊಂಡರು. "ಹೌದವಾ, ಅಷ್ಟು ರಕ್ತ ಹೋತು. ಎಂಟ ದಿನ ನಿಲ್ಲಿಸಿ ನೋಡೂಣಲ್ಲ?"

ಮದುವೆಯಾಗಿ ಹನ್ನೆರಡು ವರ್ಷ. ಕಾಕಾನ ಎದುರು ನಾನು ದನಿ ಎತ್ತಿದ್ದೇ ಇಲ್ಲ. ಅವತ್ತು ಎತ್ತಿದೆ.

"ಕಾಕಾ, ಈ ಜಾತಿಯ ಔಷಧ ಇಲಿಗೆ ಹಾಕತಿದ್ದಿದ್ದು ಖರೇ ಅಂತ. ನಾ ಸಿಸ್ಟರ್‌ನ ಕೇಳೇನ್ರಿ. ಉಪ್ಪೂ ಚಿಟಿಕಿ ಹಾಕಿದ್ರ ರುಚಿ, ಹಿಡಿಗಟ್ಟಲೆ ನುಂಗಿದ್ರ ಜೀವ ತಗೋತೈತಿ. ಅದಕ್ಕ ಅಳತಿ ನೋಡಾಕ ಪರೀಕ್ಷೆ ಇಟ್ಟಾರ. ರಕ್ತ ಸೋರಿದ್ದು ಗುಳಿಗಿ ತಪ್ಪಲ್ಲ, ನಮ್ಮ ತಪ್ಪು. ಅತ್ತಿ ಎದ್ಯಾಗ ಲೋಹದ ಕವಾಟ ಐತಿ. ಗುಳಿಗಿ ನಿಲ್ಲಿಸಿದ್ರ ಅದರ ಮ್ಯಾಲ ರಕ್ತ ಹೆಪ್ಪುಗಟ್ಟತೈತಿ. ಆ ಹೆಪ್ಪು ಮೆದುಳಿಗೆ ಹೋದ್ರ ಲಕ್ವಾ. ಎಂಟ ದಿನ ನಿಲ್ಲಿಸಿ ನೋಡೂದು ಅಂದ್ರ ಏನ್ ನೋಡತೀರಿ? ಅತ್ತಿ ಹಾಸಿಗಿ ಹಿಡಿಯೂದನ್ನ?"

"ಆ ಸಿಸ್ಟರ್‌ ಹೇಳಿದ್ದು ವೇದವಾಕ್ಯ, ನಾ ಹೇಳಿದ್ದು ಸುಳ್ಳ?" ಕಾಕಾನ ಮುಖ ಕೆಂಪಾಯಿತು.

ಅತ್ತೆ ಎದ್ದು ನಿಂತರು. ನಾಲ್ಕು ದಿನದಲ್ಲಿ ಸೊರಗಿದ್ದರು, ಆದರೆ ದನಿ ಸೊರಗಿರಲಿಲ್ಲ. ಅಂಗೈ ಮುಂದೆ ಚಾಚಿದರು.

"ತಾ ಇಲ್ಲೆ. ಎದಿ ನಂದು, ಕವಾಟ ನಂದು, ಗುಳಿಗಿ ನಂದು. ಕಿಸೇದಾಗ ಇಟಗೊಳ್ಳಾಕ ನೀ ಯಾರು?"

"ವೈನಿ, ನಿಮ್ಮ ಛಲೋದಕ್ಕ ಹೇಳಾಕತ್ತೇನಿ. ನಿಲ್ಲಿಸಿದ್ರ ಏನೂ ಆಗೂದಿಲ್ಲ."

"ನಿನಗ ಹೆಂಗ ಗೊತ್ತು?"

"ನಾ ನಿಲ್ಲಿಸಿ ಎರಡ ತಿಂಗಳಾತು. ಏನಾಗೇತಿ ನನಗ?"

ಅತ್ತೆ ಕೆದಕಿ ಕೇಳಿದರು. ಆಮೇಲೆ ಒಂದೊಂದಾಗಿ ಹೊರಬಿತ್ತು. ಕಾಕಾನ ಎದೆಬಡಿತ ತಾಳ ತಪ್ಪಿದೆ ಅಂತ ಧಾರವಾಡದ ಡಾಕ್ಟರು ಅವರಿಗೂ ರಕ್ತದ ಗುಳಿಗೆ ಬರೆದಿದ್ದರು. ಅದು ಬೇರೆ ಜಾತಿಯದು, ತಿಂಗಳ ಪರೀಕ್ಷೆ ಬೇಡದ ಹೊಸ ಗುಳಿಗೆ. ಪರೀಕ್ಷೆಯೇ ಬೇಡ ಅಂದಮೇಲೆ ಅಷ್ಟು ಮಹತ್ವದ್ದೇನಲ್ಲ ಅಂತ ಇವರೇ ತೀರ್ಮಾನ ಮಾಡಿದ್ದರು. ಮೊಬೈಲಿನಲ್ಲಿ ಇಲಿ ಪಾಷಾಣದ ಸುದ್ದಿ ಬಂದ ದಿನ ಎಸೆದುಬಿಟ್ಟಿದ್ದರು. ಹೆಂಡತಿಗೂ ಹೇಳಿರಲಿಲ್ಲ.

"ಎರಡ ತಿಂಗಳಿಂದ ಏನೂ ಆಗಿಲ್ಲ ಅಂದ್ರ," ಅಂದರು ಅತ್ತೆ, "ಇವತ್ತ ಸಂಜೀಕ ಆಗೂದಿಲ್ಲಂತ ಬರದ ಕೊಡತಿಯೇನು? ನಿನ್ನ ಅಣ್ಣನ್ನ ಕಳಸೇನಿ. ನಿನ್ನನ್ನೂ ಕಳಸೂದಿಲ್ಲ."

"ರಾತ್ರಿ ನಿದ್ದಿ ಬರೂದಿಲ್ಲ ವೈನಿ," ಅಂದರು ಕಾಕಾ. ಅವರಿಗೆ ಅಂಜಿಕೆಯಾಗಿತ್ತು. ಎರಡು ತಿಂಗಳಿಂದಲೂ ಅಂಜುತ್ತಲೇ ಇದ್ದರು ಅನ್ನುವುದು ನಮಗೆ ಆಗ ತಿಳಿಯಿತು. ಕಿಸೆಯಿಂದ ಸ್ಟ್ರಿಪ್ಪು ತೆಗೆದು ಅತ್ತೆಯ ಅಂಗೈಯಲ್ಲಿಟ್ಟರು.

ಗಡಿಯಾರದಲ್ಲಿ ಇನ್ನೂ ನಾಲ್ಕೂವರೆ. ಅತ್ತೆ ಗುಳಿಗೆಯನ್ನು ಡಬ್ಬಿಯಲ್ಲಿಟ್ಟರು, "ಏಳಕ್ಕ ತಗೋತೇನಿ" ಅಂದರು, ಚಪ್ಪಲಿ ಮೆಟ್ಟಿದರು.

"ಅತ್ತೀ, ಈಗರ ದವಾಖಾನಿಯಿಂದ ಬಂದೀರಿ. ಎಲ್ಲಿಗೆ?"

"ದವಾಖಾನಿಗೇ. ಇವನ್ನ ಕರಕೊಂಡು. ಅಮರೇಶಾ, ಆಟೋ ನಿಲ್ಲಸು!"

ಅಮರೇಶ ಆಟೋ ಹಿಡಿಯಲು ಓಡಿದರು. ಡಾಕ್ಟರು ಕಾಕಾನನ್ನು ಚೆನ್ನಾಗಿ ಬೈದರು, ತಪಾಸಣೆ ಮಾಡಿ ಗುಳಿಗೆ ಮತ್ತೆ ಬರೆದರು. ಈಗ ಅತ್ತೆ ದಿನಾ ಏಳಕ್ಕೆ ಶಿರಗುಪ್ಪಿಗೆ ಫೋನು ಮಾಡುತ್ತಾರೆ. ಕಾಕಾ "ತಗೊಂಡೆನ್ರೀ" ಅನ್ನುವ ತನಕ ಇಡುವುದಿಲ್ಲ. ಅತ್ತೆಯ ತಾಟಿಗೆ ದಿನಾ ಒಂದು ಹಿಡಿ ತಪ್ಪಲ ಮರಳಿ ಬಂದಿದೆ. ನಾನೇ ತೊಳೆದು ಇಡುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ರಕ್ತದ ಗುಳಿಗೆ ತಗೊಳ್ಳುತ್ತಿರಬಹುದು. ಕಟ್ಟೆಯ ಮಾತು ಕೇಳಿ ನಿಲ್ಲಿಸಬೇಡಿ, ಹೆಚ್ಚು ಕಡಿಮೆ ಮಾಡಬೇಡಿ. ದಿನಾ ಒಂದೇ ಹೊತ್ತಿಗೆ ತಗೊಳ್ಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಏನು ಮಾಡಬೇಕೆಂದು ಡಾಕ್ಟರಿಗೆ ಫೋನು ಮಾಡಿ ಕೇಳಿ. ಪರೀಕ್ಷೆ ಬೇಕಾದ ಗುಳಿಗೆ ಇದ್ದರೆ ಮದುವೆ ಸುಗ್ಗಿ ಇರಲಿ, ಹಬ್ಬ ಇರಲಿ, ತಾರೀಖು ತಪ್ಪಿಸಬೇಡಿ. ಬಸಿರಾಗುವ ವಿಚಾರವಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಲೇಬೇಕು, ಈ ಗುಳಿಗೆಗಳಲ್ಲಿ ಕೆಲವು ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ. ನಿಲ್ಲದ ರಕ್ತ, ಕಪ್ಪು ಮಲ, ಕೆಂಪು ಮೂತ್ರ, ತಲೆಗೆ ಬಿದ್ದ ಪೆಟ್ಟು, ಸೊಟ್ಟಗಾದ ಬಾಯಿ, ಬಲ ಹೋದ ಕೈ, ಇವುಗಳಲ್ಲಿ ಒಂದು ಕಂಡರೂ ನೂರಾ ಎಂಟಕ್ಕೆ ಫೋನು ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೂ ಒಂದು ಮಾತು. ಯಾರಿಗೂ ಹೇಳದೆ ಗುಳಿಗೆ ಬಿಟ್ಟು ಒಳಗೊಳಗೇ ಅಂಜುತ್ತ ಈ ಕಥೆ ಕೇಳುತ್ತಿರುವವರು ನೀವೇ ಆಗಿದ್ದರೆ, ನಿಮ್ಮನ್ನು ನೋಡಿ ಯಾರೂ ನಗುವುದಿಲ್ಲ. ನಕ್ಕರೆ ನಗಲಿ. ಎದ್ದೇಳಿ, ಇವತ್ತೇ ದವಾಖಾನೆಗೆ ನಡೆಯಿರಿ.