ಇಬ್ಬನಿ ಬೀಳದ ಹಲಗೆ

ಹಲಗೆಯ ಮೇಲೆ ಯಾರೋ ಮಲಗಿ ಎದ್ದು ಹೋಗಿದ್ದಾರೆ ಎಂಬುದನ್ನು ಮೊದಲು ಗಮನಿಸಿದವಳು ರಜನಿ.

ಶಿಕಾರಿಪುರದಿಂದ ಈಸೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವಳ ಗಂಡ ಮಾಲತೇಶನ ಮರಗೆಲಸದ ಅಂಗಡಿ. ಅವನು ಕೊಯ್ದು ಜೋಡಿಸಿದ್ದನ್ನು ಉಜ್ಜಿ ಪಾಲಿಶ್ ಹಚ್ಚುವುದು ರಜನಿಯ ಕೆಲಸ. ಚಳಿಗಾಲದಲ್ಲಿ ಬಿಸಿಲೇರುವವರೆಗೆ ಆ ಕೆಲಸ ಸಾಗುವುದಿಲ್ಲ. ತೇವದ ಗಾಳಿಗೆ ಪಾಲಿಶ್ ಹಾಲು ಚೆಲ್ಲಿದಂತೆ ಬೆಳ್ಳಗಾಗಿಬಿಡುತ್ತದೆ, ಅಂಟು ಬೇಗ ಹಿಡಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಂದು ಬೀಗ ತೆಗೆದು, ಕಸ ಗುಡಿಸಿ, ಅಂಗಳದಲ್ಲಿ ಪೇರಿಸಿಟ್ಟ ಮರದ ಮೇಲಿನ ಇಬ್ಬನಿ ಒರೆಸುತ್ತಿದ್ದಳು.

ಆ ದಿನ ಎಲ್ಲ ಮರವೂ ನೆನೆದಿತ್ತು. ಮೇಲೆ ಇಟ್ಟಿದ್ದ ಹಳೆಯ ಹಲಸಿನ ಹಲಗೆಯ ನಡುಭಾಗ ಮಾತ್ರ ಒಣಗಿತ್ತು. ಒಣಗಿದ ಜಾಗಕ್ಕೆ ತಲೆಯಿತ್ತು, ಹೆಗಲಿತ್ತು, ಒತ್ತಾಗಿ ಜೋಡಿಸಿದ ಎರಡು ಕಾಲುಗಳಿದ್ದವು. ಅಂಗೈ ಇಟ್ಟು ನೋಡಿದಳು. ಆಗತಾನೇ ಯಾರೋ ಎದ್ದು ಹೋದ ಹಾಸಿಗೆಯಂತೆ ಬೆಚ್ಚಗಿತ್ತು.

"ಯಾವನೋ ಕುಡುಕ ಮಲ್ಗಿದ್ದಾನು ಬಿಡು" ಎಂದ ಮಾಲತೇಶ.

"ಗೇಟಿಗೆ ಬೀಗ ಹಾಕಿದ್ದು ಹಾಕಿದಂಗೇ ಐತಲ್ರಿ. ಅಲ್ದೆ ಕುಡುಕ ಹಿಂಗೆ ಕಾಲು ಜೋಡಿಸ್ಕೊಂಡು ಮಲಗ್ತಾನಾ?"

ಸೊರಬದ ಕಡೆ ಕುಪ್ಪಗಡ್ಡೆಯಲ್ಲಿ ಸುಬ್ಬಪ್ಪ ಎಂಬುವರು ಹಳೆಯ ಮನೆ ಬಿಚ್ಚಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ಹಳೆಯ ಬಾಗಿಲು, ತೊಲೆಗಳ ಜೊತೆ ಮಾಲತೇಶ ಈ ಹಲಗೆಯನ್ನೂ ಕೊಂಡು ತಂದಿದ್ದ. ಆ ಮನೆಯ ಹಿತ್ತಿಲ ಬಾಗಿಲ ಪಕ್ಕ ಎರಡು ಕಲ್ಲುಗಳ ಮೇಲೆ ಹಾಸಿದ್ದ, ಮೈ ತಾಗಿ ತಾಗಿ ನುಣುಪಾದ ಹಲಗೆ.

ಮರುದಿನವೂ ಅದೇ ಗುರುತು. ಅದರ ಮರುದಿನವೂ ಅದೇ. ಯಾರಾದರೂ ಇರಲಿ, ಈ ಚಳಿಯಲ್ಲಿ ಪಾಪ ಎಂದುಕೊಂಡು ರಜನಿ ಸಂಜೆ ಹೋಗುವಾಗ ಹಲಗೆಯ ಮೇಲೊಂದು ಕಂಬಳಿ ಹಾಸಿದಳು. ಬೆಳಿಗ್ಗೆ ಬಂದು ನೋಡಿದರೆ ಕಂಬಳಿ ಮಡಿಕೆಯೊಂದೂ ಬೀಳದೆ ಹಾಗೆಯೇ ಹರಡಿಕೊಂಡಿತ್ತು. ಅದರ ತುಪ್ಪಟದ ಮೇಲೆ ಇಬ್ಬನಿ ಹರಳುಹರಳಾಗಿ ಕೂತಿತ್ತು, ನಡುವೆ ಆ ಒಣ ಮೈ ಬಿಟ್ಟು. ಕಂಬಳಿಯ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಹಿಂದಿನ ಓಣಿಯ ರಾಜೇಶ್ವರಮ್ಮ ಈಳಿಗೆಮಣೆ ಬೇಕೆಂದು ಬಂದಳು. ತರಕಾರಿ ಹೆಚ್ಚುವಾಗ ಕೂರಲು ಗಟ್ಟಿ ಮರ ಬೇಕಿತ್ತು. ಮಾಲತೇಶ ಹಲಸಿನ ಹಲಗೆಯ ಒಂದು ತುದಿಯಲ್ಲಿ ಮೊಳದಷ್ಟು ಕೊಯ್ದು, ತೂತು ಕೊರೆದು, ಕಬ್ಬಿಣದ ಈಳಿಗೆಗೆ ಬೋಲ್ಟು ಬಿಗಿದು ಕೊಟ್ಟ.

ಮರುದಿನ ಬೆಳಿಗ್ಗೆ ರಜನಿ ಅವನನ್ನು ಕೈಹಿಡಿದು ಎಳೆದುಕೊಂಡು ಬಂದಳು. ತಲೆ ಮೊದಲಿದ್ದಲ್ಲೇ ಇತ್ತು. ಕಾಲುಗಳು ಮೀನಖಂಡದವರೆಗೆ ಬಂದು, ಕೊಯ್ದ ಅಂಚಿನಲ್ಲಿ ಮುಗಿದಿದ್ದವು.

ಮಾಲತೇಶ ಬಹಳ ಹೊತ್ತು ನೋಡಿದ. ಆಮೇಲೆ ಸುಬ್ಬಪ್ಪನಿಗೆ ಫೋನ್ ಮಾಡಿದ.

"ಆ ಹಲಸಿನ ಹಲಗೆ ಯಾರ್ದು ಸುಬ್ಬಪ್ಪಾರೆ?"

ಸುಬ್ಬಪ್ಪ ತಿರುಗಿ ಕೇಳಿದರು.

"ಅದನ್ನ ಕೊಯ್ದ್ರಾ?"

"ಒಂದು ಮೊಳದಷ್ಟು. ನಿನ್ನೆ ಮಧ್ಯಾಹ್ನ."

"ಕಾಲಿನ ಕಡೆಯಾ?"

ಹಲಗೆಗೆ ಕಾಲಿನ ಕಡೆ, ತಲೆಯ ಕಡೆ ಇದೆಯೆಂದು ಮಾಲತೇಶ ಹೇಳಿಯೇ ಇರಲಿಲ್ಲ.

"ಒಂದ್ಸಲ ಬನ್ನಿ ಮಾರಾಯ್ರೆ" ಎಂದರು ಸುಬ್ಬಪ್ಪ. "ಅಲ್ಲೀವರೆಗೆ ಅದನ್ನ ಮುಟ್ಬೇಡಿ."

ಗಂಡಹೆಂಡತಿ ಬೈಕ್ ಹತ್ತಿದರು. ಆನವಟ್ಟಿ ದಾಟುವವರೆಗೂ ಮಂಜು ಕರಗಿರಲಿಲ್ಲ. ಎದುರಿನ ಬಸ್ಸಿನ ದೀಪ ಹತ್ತಿರ ಬಂದಾಗಲೇ ಕಾಣುತ್ತಿತ್ತು.

ಸುಬ್ಬಪ್ಪನ ಹೆಂಡತಿ ವರದಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಆ ಹಲಗೆ ಸುಬ್ಬಪ್ಪನ ಸೋದರತ್ತೆ ಲೋಕಮ್ಮನದು ಎಂದಳು. ಮದುವೆಯಾದ ವರ್ಷವೇ ತವರಿಗೆ ವಾಪಸು ಬಂದ ಹೆಂಗಸು. ಅಂದಿನಿಂದ ಆಕೆ ಮಲಗಿದ್ದು ಅದರ ಮೇಲೆಯೇ.

"ತೀರ್ಕೊಂಡು ಎಷ್ಟು ದಿನ ಆಯ್ತು?" ಎಂದು ರಜನಿ ಮೆಲ್ಲಗೆ ಕೇಳಿದಳು.

"ತೀರ್ಕೊಂಡಿಲ್ಲ. ಒಳಗಿದ್ದಾರೆ, ಬನ್ನಿ."

ನಡೆಯುತ್ತಲೇ ವರದಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಹೊಸ ಮನೇಲಿ ಮಂಚ, ಹಾಸಿಗೆ ಎಲ್ಲ ಮಾಡ್ಸಿದ್ವಿ. ಚೆನ್ನಾಗಿ ಮಲಗ್ತಾರೆ ಅಂತ್ಲೇ ಅಂದ್ಕಂಡಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಕೂದ್ಲು, ಸೆರಗು ಎಲ್ಲಾ ಇಬ್ಬನೀಲಿ ನೆನ್ದಿರ್ತದೆ. ಬಾಗ್ಲು ಕಿಟಕಿ ಹಾಕಿದ್ದು ಹಾಗೇ ಇರ್ತದೆ. ಬೆನ್ನೊಂದು ಒಣಗಿರ್ತದೆ."

ಲೋಕಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಸಣಕಲು ಮೈ, ನೆಟ್ಟ ಕಣ್ಣು. ಮಾಲತೇಶನನ್ನು ನೋಡದೆ ರಜನಿಯ ಕಡೆ ತಿರುಗಿದಳು.

"ಕಂಬಳಿ ಹಾಸಿದೋಳು ನೀನೇ ಅಲ್ವನೇ? ಅದು ಚುಚ್ತದೆ ಮಗಾ. ನಂಗೆ ಬರೀ ಮರ ಸಾಕು."

ರಜನಿಯ ಕೈ ತಂತಾನೇ ವರದಮ್ಮನ ತೋಳು ಹಿಡಿದುಕೊಂಡಿತು.

ವರದಮ್ಮ ಬಗ್ಗಿ ಮುದುಕಿಯ ಸೀರೆಯ ಅಂಚು ಎತ್ತಿದಳು. ಎರಡೂ ಮೀನಖಂಡಗಳ ಸುತ್ತ, ನೂಲು ಬಿಗಿದು ಬಿಚ್ಚಿದಂತೆ ತೆಳುವಾದ ಗೆರೆ. ಅದರ ಕೆಳಗೆ ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ. "ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ನಿಂತಿದ್ದೋರು ಹಾಗೇ ಕುಸಿದ್ರು. ಡಾಕ್ಟ್ರು ಏನೂ ಇಲ್ಲ ಅಂದ್ರು. ಬಲಗಾಲಲ್ಲಿ ಮೊಳೆ ಹೊಡ್ದಹಾಗೆ ನೋವು ಅಂತಿದ್ದಾರೆ."

ಮಾಲತೇಶ ಹೊರಗೆ ಬಂದು ಗೋಡೆಗೆ ಒರಗಿ ನಿಂತ. ರಜನಿ ಹಿಂದೆಯೇ ಬಂದಳು. "ಮರ ಅಂತ ಕೊಯ್ದೆ ಕಣೆ" ಎಂದ.

"ಈಗ ಕೂಡ್ಸೋಣ, ನಡೀರಿ" ಎಂದಳು ರಜನಿ.

ರಾಜೇಶ್ವರಮ್ಮ ಸುಲಭಕ್ಕೆ ಈಳಿಗೆಮಣೆ ಬಿಡಲಿಲ್ಲ. ಅದರ ಮೇಲೆಯೇ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. "ಎಲ್ಲಾ ಮಣೆ ತಣ್ಣಗೆ ಕೊರೀತಾವೆ. ಇದೊಂದು ಕೂತ್ರೆ ಬೆಚ್ಚಗಿರ್ತೈತೆ. ಯಾಕೆ ಕೊಡ್ಲಿ?" ಎಂದಳು. ಮಾಲತೇಶ ಸಾಗವಾನಿಯದು ಮಾಡಿಕೊಡುತ್ತೇನೆಂದು ಒಪ್ಪಿಸಿ, ಅಲ್ಲೇ ಕೂತು ಬೋಲ್ಟು ಬಿಚ್ಚಿದ. ಅದೇ ಹೊತ್ತಿಗೆ ಕುಪ್ಪಗಡ್ಡೆಯಲ್ಲಿ ಲೋಕಮ್ಮ "ಅಬ್ಬಾ" ಎಂದು ಉಸಿರುಬಿಟ್ಟು ಬಲಗಾಲು ಸವರಿಕೊಂಡಳೆಂದು ಆಮೇಲೆ ತಿಳಿಯಿತು.

ಅಂಗಡಿಯಲ್ಲಿ ಕೂತು ಕೂಡಿಸಲು ಅವನಿಗೆ ಧೈರ್ಯ ಬರಲಿಲ್ಲ. ನೋವಾದರೆ ನಿಲ್ಲಿಸು ಎನ್ನುವವರು ಎದುರಿಗಿರಬೇಕು. ಎರಡೂ ತುಂಡುಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮರುದಿನ ಮತ್ತೆ ಹೋದರು. ಸುಬ್ಬಪ್ಪನ ಅಂಗಳದ ಬಿಸಿಲಿನಲ್ಲಿ ಹಲಗೆ ಇಳಿಸಿದರು. ಲೋಕಮ್ಮನನ್ನು ಕುರ್ಚಿ ಸಮೇತ ಎತ್ತಿ ತಂದು ಎದುರಿಗೆ ಕೂರಿಸಿದರು.

ಕೊಯ್ದ ಮುಖ ಮಟ್ಟ ಮಾಡಲೆಂದು ಮಾಲತೇಶ ಉಜ್ಜುಗೊರಡು ಹಿಡಿದ. ಒಂದು ಎಳೆತಕ್ಕೆ ಲೋಕಮ್ಮನ ಮುಖ ಬಿಳುಚಿತು. ಅವನು ಗೊರಡು ಕೆಳಗಿಟ್ಟ. ಒರಟಾಗಿದ್ದರೂ ಹಾಗೆಯೇ ಕೂಡಿಸುವುದು ಎಂದು ನಿರ್ಧರಿಸಿದ. ಆದರೆ ಒಳಗೆ ಮರದ ಗೂಟ ಕೂರಿಸಲು ತೂತು ಕೊರೆಯದೆ ದಾರಿಯಿರಲಿಲ್ಲ.

"ಅಜ್ಜೀ, ಕೊರೀಬೇಕು" ಎಂದ.

"ಮಾಡು ತಮ್ಮಾ. ಹಲ್ಲು ಕಚ್ಕಂಡಿರ್ತೆ. ಮೆಲ್ಲಗೆ ಮಾಡು."

ರಜನಿ ಮುದುಕಿಯ ಎರಡೂ ಕೈ ಹಿಡಿದು ಕೂತಳು. ಮಷೀನು ಮುಟ್ಟದೆ ಮಾಲತೇಶ ಕೈಬೈರಿಗೆಯನ್ನು ಒಂದೊಂದೇ ಸುತ್ತು ತಿರುಗಿಸಿದ. ಸುತ್ತುಸುತ್ತಿಗೂ ಲೋಕಮ್ಮನ ಉಗುರು ರಜನಿಯ ಅಂಗೈಗೆ ಇಳಿಯುತ್ತಿತ್ತು. ಮುದುಕಿ ಕೂಗಲಿಲ್ಲ. ಕೊನೆಗೆ ಗೂಟ ಕೂರಿಸಿ, ಅಂಟು ಹಾಕಿ, ಬೋಲ್ಟಿನ ತೂತಿಗೂ ಹಲಸಿನದೇ ಬೆಣೆ ಬಡಿದು, ಹಗ್ಗದಿಂದ ಬಿಗಿದಾಗ ಮಾಲತೇಶನ ಅಂಗಿ ಆ ಚಳಿಯಲ್ಲೂ ಬೆವರಿಗೆ ಅಂಟಿಕೊಂಡಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅಂಟು ಹಿಡಿಯಿತು. ಲೋಕಮ್ಮನ ಕಾಲ್ಬೆರಳುಗಳು ಅಲುಗಿದ್ದನ್ನು ಮೊದಲು ವರದಮ್ಮ ನೋಡಿದಳು, ಯಾರಿಗೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಸ ಮನೆಯ ಹಿತ್ತಿಲ ಬಾಗಿಲ ಬಳಿ ಎರಡು ಕಲ್ಲಿಟ್ಟು ಹಲಗೆ ಹಾಸಿದರು. ಮುದುಕಿ ಗೋಡೆ ಹಿಡಿದು ತಾನೇ ನಡೆದು ಬಂದು, ಕಾಲು ಜೋಡಿಸಿ ಮಲಗಿದಳು. ಕಣ್ಣು ಮುಚ್ಚಿದ ಕೂಡಲೇ ನಿದ್ದೆ. ಅವಳು ಉಸಿರೆಳೆದಾಗಲೆಲ್ಲ ಮರದ ಒಳಗೆಲ್ಲೋ ಸಣ್ಣಗೆ ಕಿರುಗುಟ್ಟುತ್ತಿತ್ತು. ಕೈಯಲ್ಲಿದ್ದ ಕಾಫಿ ಆರುವವರೆಗೂ ಎಲ್ಲರೂ ನಿಂತೇ ಇದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ವರದಮ್ಮನ ಫೋನ್ ಬಂತು. ಅತ್ತೆ ಚೆನ್ನಾಗಿದ್ದಾರೆ, ಕೊಟ್ಟಿಗೆಯವರೆಗೂ ಓಡಾಡುತ್ತಾರೆ, ಬೆಳಿಗ್ಗೆ ಕೂದಲು ನೆನೆದಿರುವುದಿಲ್ಲ ಎಂದಳು.

"ಒಂದೇ ನೋಡಿ. ಸೀರೆ ಈಗ ನೆಲಕ್ಕೆ ತಾಗ್ತದೆ. ಮೊದ್ಲು ಹಾಗೆ ಆಗ್ತಿರ್ಲಿಲ್ಲ. ಒಂಚೂರು ಮೇಲೆ ಎತ್ತಿ ಸಿಕ್ಕಿಸ್ಕೊಬೇಕು. ನಾನು ಕುಳ್ಳಗಾದೆ ಅಂತ ನಗ್ತಾರೆ."

ರಜನಿ ಅದನ್ನು ಗಂಡನಿಗೆ ಹೇಳಿದಳು. ಗರಗಸ ಹಾಯ್ದ ದಾರಿಯಲ್ಲಿ ಅದರ ದಪ್ಪದಷ್ಟು ಮರ ಪುಡಿಯಾಗಿ ಉದುರುತ್ತದೆ, ಆ ಪುಡಿಯನ್ನು ಅಂದೇ ಗುಡಿಸಿ ಹೊರಗೆ ಚೆಲ್ಲಿದ್ದಾಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಮಾಲತೇಶ ರಾಜೇಶ್ವರಮ್ಮನ ಸಾಗವಾನಿ ಮಣೆಗೆ ಗುರುತು ಹಾಕತೊಡಗಿದ.